ನಕ್ಷತ್ರದ ಧೂಳು, ಗಂಧದ ಹನಿ

ನನ್ನಿಂದ ಮುದ್ರೆಯನ್ನು ವಾಪಸು ತೆಗೆದುಕೊಂಡ ದಿನ ಸೆಕ್ಷನ್ನಿನ ಸಾಹೇಬರು ನನಗೆ ಕಾಫಿ ತರಿಸಿಕೊಟ್ಟರು. ಅದುವರೆಗೆ ಅವರು ಯಾರಿಗೂ ಕಾಫಿ ತರಿಸಿದವರಲ್ಲ. ಲೋಟ ಮೇಜಿಗೆ ಬಂದ ಕೂಡಲೇ ನಾನು ಜೇಬಿನಲ್ಲಿದ್ದ ಮುದ್ರೆಯನ್ನು ಮುಟ್ಟಿ ನೋಡಿಕೊಂಡೆ.

"ಸ್ಟ್ಯಾಂಪ್ ಇಲ್ಲಿಡಿ. ಬೇಜಾರ್ ಮಾಡ್ಕೋಬೇಡಿ. ಕಾಫಿ ಕುಡೀರಿ, ಆರೋಗುತ್ತೆ," ಅಂದರು.

ಬೆಂಗಳೂರಿನ ಪೂರ್ವಕ್ಕಿರುವ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಾನು ಎಕ್ಸ್-ರೇ ಫಿಲ್ಮು ಓದುವ ಇನ್‌ಸ್ಪೆಕ್ಟರ್. ಮನುಷ್ಯರ ಮೂಳೆಯದಲ್ಲ, ಉಕ್ಕಿನ ಟ್ಯಾಂಕುಗಳ ಬೆಸುಗೆಯದು. ಕತ್ತಲ ಕೋಣೆಯಲ್ಲಿ ಐದು ನಿಮಿಷ ಸುಮ್ಮನೆ ಕೂತು ಕಣ್ಣನ್ನು ಪಳಗಿಸಿಕೊಂಡು, ಬೆಳಕಿನ ಪೆಟ್ಟಿಗೆಯ ಮೇಲೆ ಫಿಲ್ಮು ಹಾಕಿ, ಭೂತಗನ್ನಡಿ ಹಿಡಿದು ಬಿರುಕೋ ಗುಳ್ಳೆಯೋ ಇದೆಯೇ ಎಂದು ಹುಡುಕುವುದು ಕೆಲಸ. ದೋಷವಿಲ್ಲದಿದ್ದರೆ ಟ್ಯಾಂಕಿನ ಮೇಲೆ ನನ್ನ ನಂಬರಿನ ಉಕ್ಕಿನ ಮುದ್ರೆ ಬೀಳುತ್ತದೆ. ನನ್ನದು ನಲವತ್ತೊಂದು. ಹೆಬ್ಬೆರಳಷ್ಟು ಉದ್ದದ ಆ ತುಂಡನ್ನು ಹದಿನೆಂಟು ವರ್ಷ ಪ್ಯಾಂಟಿನ ಜೇಬಿನಲ್ಲಿ ಹೊತ್ತು ಬಲಗಡೆಯ ಜೇಬುಗಳೆಲ್ಲ ತೂತಾಗಿದ್ದವು.

ಆ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ನಲವತ್ತೊಂದರ ಮುದ್ರೆ ಬಿದ್ದ ಒಂದು ಟ್ಯಾಂಕು ನೀರಿನ ಒತ್ತಡದ ಪರೀಕ್ಷೆಯಲ್ಲಿ ಬೆವರಿತು. ಒಡೆಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಬೆಸುಗೆಯ ಅಂಚಿನಲ್ಲಿ ಸಾಲಾಗಿ ಹನಿ ಮೂಡಿದವು, ಅಷ್ಟೆ. ಹಳೆಯ ಫಿಲ್ಮನ್ನು ಹೊರಗೆಳೆದರು. ಎಡತುದಿಯ ಹತ್ತಿರ, ಲೋಹ ಸರಿಯಾಗಿ ಕೂಡದ ಕಡೆ, ಕೂದಲೆಳೆಯಂಥ ಒಂದು ಗೆರೆ. ಎಲ್ಲರೂ ಸರದಿಯಲ್ಲಿ ಬಗ್ಗಿ ನೋಡಿ, "ಹೌದಲ್ವಾ, ಇಲ್ಲೇ ಇದೆ" ಅಂದರು. ನಾನೂ ಬಗ್ಗಿದೆ. ಅವರು ಬೆರಳಿಟ್ಟು ತೋರಿಸಿದ ಮೇಲೆ ನನಗೂ ಕಂಡಿತು.

ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ವರ್ಷದ ಕೊನೆಗೆ ಮರುಪರೀಕ್ಷೆ: ಇಪ್ಪತ್ತು ಫಿಲ್ಮು, ಅದರಲ್ಲಿ ಏನಿದೆ ಎಂಬುದು ಸಾಹೇಬರಿಗೆ ಮಾತ್ರ ಗೊತ್ತು. ಗೆದ್ದರೆ ಮುದ್ರೆ ವಾಪಸು, ಸೋತರೆ ಕಾಯಮ್ಮಾಗಿ ಸ್ಟೋರ್ಸಿಗೆ. ಅಲ್ಲಿಯತನಕ ಹಳೆಯ ಫಿಲ್ಮುಗಳನ್ನು ಲಕೋಟೆಗೆ ಹಾಕಿ ಕಪಾಟಿನಲ್ಲಿ ಜೋಡಿಸುವ ಕೆಲಸ. ನಲವತ್ತೆಂಟನೆಯ ವಯಸ್ಸಿನಲ್ಲಿ ಬೋಲ್ಟು ನಟ್ಟು ಕೊಡುವ ಕೌಂಟರಿನ ಹಿಂದೆ ನಿಲ್ಲುವುದನ್ನು ನಾನು ದಿನಕ್ಕೆ ಹತ್ತು ಸಲ ಕಲ್ಪಿಸಿಕೊಂಡೆ. ಬೋಲ್ಟುಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಕಣ್ಣಿನಿಂದ ಅನ್ನ ತಿಂದವನಿಗೆ ಕಣ್ಣು ಸಾಲದು ಎಂದು ಬರೆದುಕೊಟ್ಟಂತಾಗುತ್ತದಲ್ಲ.

ನಾನು ಮೊದಲೇ ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಜಾತಿ. ಈ ಘಟನೆಯ ಮೇಲೆ ಅದು ಐದಾಯಿತು. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಓಡಿದ್ದೂ ಉಂಟು. ಒಳಗೆ ಹೆಂಡತಿ ಅದೇ ಒಲೆಯ ಮೇಲೆ ಒಗ್ಗರಣೆ ಹಾಕುತ್ತಿದ್ದಳು. "ಆಫ್ ಮಾಡ್ಬಿಡ್ಲಾ? ನೆಮ್ಮದಿಯಾಗಿ ಹೋಗ್ತೀರಾ?" ಎಂದು ಕೇಳಿದಳು.

ಮರುಪರೀಕ್ಷೆಗೆ ತಯಾರಾಗಲೆಂದು ನನ್ನ ಜೊತೆ ಫಿಲ್ಮು ಓದುವ ಇನ್‌ಸ್ಪೆಕ್ಟರ್ ಊಟದ ಬಿಡುವಿನಲ್ಲಿ ಹಳೆಯ ಫಿಲ್ಮುಗಳನ್ನು ತಂದುಕೊಡುತ್ತಿದ್ದ. ಹಲಸೂರಿನವನು, ಮನೆಯಲ್ಲಿ ತಮಿಳು, ಬಾಯಲ್ಲಿ ಸದಾ ಲವಂಗ. ಮೊದಲ ಸಲ ಕೊಟ್ಟ ಇಪ್ಪತ್ತರಲ್ಲಿ ನಾನು ಹದಿಮೂರನ್ನು ತಿರಸ್ಕರಿಸಿದೆ.

"ಅಯ್ಯೋ ಸಾಮಿ," ಅವನು ಲವಂಗ ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿದ. "ಇದ್ರಲ್ಲಿ ಕೆಟ್ಟಿರೋದು ನಾಲ್ಕೇ ಗುರು. ನೀನು ಹಿಂಗೆ ಓದಿದ್ರೆ ಫ್ಯಾಕ್ಟ್ರಿಗೆ ಬೀಗ ಹಾಕಿ ಎಲ್ರೂ ಕೆರೆ ಕಡೆ ವಾಕಿಂಗ್ ಹೋಗ್ಬೋದು."

"ನಾಲ್ಕನ್ನೂ ಹಿಡಿದ್ನಲ್ಲ?"

"ಹಿಡಿದೆ. ಒಂಬತ್ತು ಅಮಾಯಕರನ್ನೂ ಹಿಡಿದೆ."

ನಮ್ಮ ಕಸುಬಿನ ಪದ್ಧತಿಯೇ ಹಾಗೆ: ಸಂಶಯ ಬಂದರೆ ತಿರಸ್ಕರಿಸು. ದೋಷ ಕಾಣದೆ ಬಿಟ್ಟವನನ್ನು ಕರೆಸಿ ಕಾಫಿ ಕೊಡುತ್ತಾರೆ. ಸುಮ್ಮನೆ ತಿರಸ್ಕರಿಸಿದವನನ್ನು ವೆಲ್ಡರ್‌ಗಳು ಬೈದುಕೊಳ್ಳುತ್ತಾರೆ, ಅಷ್ಟೆ. ಆದರೆ ಮರುಪರೀಕ್ಷೆಯಲ್ಲಿ ಎರಡೂ ತಪ್ಪೇ. ಅದು ಗೊತ್ತಿದ್ದೂ ನನ್ನ ಕಣ್ಣಿಗೆ ಪ್ರತಿ ಫಿಲ್ಮಿನ ಅಂಚಿನಲ್ಲೂ ಕೂದಲೆಳೆಯ ಗೆರೆ ಕಾಣತೊಡಗಿತ್ತು.

ಹೀಗಿರುವಾಗ ಪತ್ರಿಕೆಯ ಒಳಪುಟದಲ್ಲಿ ಆ ಸುದ್ದಿ ಬಂತು. ಅಮೆರಿಕದ ಒಂದು ನೌಕೆ ವರ್ಷಗಟ್ಟಲೆ ಆಕಾಶದಲ್ಲಿ ಸುತ್ತಿ, ನಕ್ಷತ್ರಗಳ ನಡುವಿನಿಂದ ತೇಲಿ ಬರುವ ಧೂಳನ್ನು ಹಿಡಿದು ಭೂಮಿಗೆ ತಂದಿದೆ. ಹಿಡಿದದ್ದು ಏರೋಜೆಲ್ ಎಂಬ, ಗಟ್ಟಿಯಾದ ಹೊಗೆಯಂಥ ಪದಾರ್ಥದ ಬಿಲ್ಲೆಗಳಲ್ಲಿ. ಕಣ ಒಳಗೆ ನುಗ್ಗಿದ ಕಡೆ ಸೂಜಿ ಚುಚ್ಚಿದಂಥ ಸುರಂಗ ಉಳಿಯುತ್ತದೆ. ಸಿಕ್ಕಿರುವುದು ಬಹುಶಃ ಕೆಲವೇ ಕೆಲವು ಕಣ, ಹುಡುಕಬೇಕಾದದ್ದು ಲಕ್ಷಗಟ್ಟಲೆ ಚಿತ್ರಗಳಲ್ಲಿ. ಯಂತ್ರಕ್ಕೆ ಗುರುತಿಸಲು ಬಾರದು, ಆದ್ದರಿಂದ ಮನುಷ್ಯರ ಕಣ್ಣು ಬೇಕಾಗಿದೆ. ಯಾರಾದರೂ ಸರಿ, ಎಲ್ಲಿಯವರಾದರೂ ಸರಿ, ಇಂಟರ್‌ನೆಟ್ಟಿನಲ್ಲಿ ಒಂದು ಪರೀಕ್ಷೆ ಪಾಸು ಮಾಡಬೇಕು.

'ಮನುಷ್ಯರ ಕಣ್ಣು ಬೇಕಾಗಿದೆ' ಎಂಬ ಮಾತಿನ ಕೆಳಗೆ ನಾನು ಪೆನ್ನಿನಲ್ಲಿ ಗೆರೆ ಎಳೆದೆ. ನಮ್ಮ ಕಾರ್ಖಾನೆಗೆ ಬೇಡವಾದದ್ದು ಆಕಾಶಕ್ಕೆ ಬೇಕಾಗಿದೆ ಎಂದು ಸ್ವಲ್ಪ ಹೊತ್ತು ಬೀಗಿದೆ ಕೂಡ.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಜೋಗುಪಾಳ್ಯದಲ್ಲಿ, ಬಸ್ಸಿಳಿದು ಮನೆಗೆ ನಡೆಯುವ ದಾರಿಯಲ್ಲಿ, ಟೈಲರ್ ಅಂಗಡಿಗೂ ಗಿರಣಿಗೂ ನಡುವೆ ಒಂದು ಸೈಬರ್ ಸೆಂಟರ್ ಇತ್ತು. ಐದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಒಂದು ಎಸ್‌ಟಿಡಿ ಬೂತು. ನಡೆಸುತ್ತಿದ್ದವಳು ಕಲಬುರಗಿ ಕಡೆಯ ಹೆಂಗಸು. ಗಂಡ ಕಟ್ಟಡದ ಕೆಲಸಕ್ಕೆ ಬಂದಾಗ ಜೊತೆಗೆ ಬಂದವಳು, ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲೇ ವಾಸ. ಪಿಯುಸಿ ಓದಿದ್ದಳು. ಕಂಪ್ಯೂಟರ್ ಹ್ಯಾಂಗ್ ಆದರೆ ಮಕ್ಕಳ ಬೆನ್ನು ತಟ್ಟಿದಂತೆ ಸಿಪಿಯುವನ್ನು ತಟ್ಟಿ ಸರಿಮಾಡುತ್ತಿದ್ದಳು. ಗಿರಣಿ ಓಡುವಾಗ ಕೀಬೋರ್ಡಿನ ಮೇಲೆ ಸಣ್ಣಗೆ ಹಿಟ್ಟು ಕೂರುತ್ತಿತ್ತು. ಸಂಜೆ ಐದೂವರೆಗೆ ನಾನು ಹೋಗಿ ಕೂರುತ್ತಿದ್ದದ್ದು ಮೂರನೇ ನಂಬರಿನಲ್ಲಿ, ಅದರ ಪರದೆ ಎಲ್ಲಕ್ಕಿಂತ ದೊಡ್ಡದು.

ಕೆಲಸ ಹೀಗೆ. ಸೂಕ್ಷ್ಮದರ್ಶಕವು ಬಿಲ್ಲೆಯ ಒಂದು ಚೂರು ಜಾಗವನ್ನು ನಲವತ್ತರಷ್ಟು ಚಿತ್ರಗಳಾಗಿ ತೆಗೆದಿರುತ್ತದೆ, ಒಂದೊಂದೂ ಇನ್ನಷ್ಟು ಆಳದ್ದು. ಪರದೆಯ ಪಕ್ಕದಲ್ಲಿ ಒಂದು ಪಟ್ಟಿ. ಮೌಸನ್ನು ಅದರ ಮೇಲೆ ಕೆಳಗಿಳಿಸಿದರೆ ನಾವೂ ಬಿಲ್ಲೆಯೊಳಗೆ ಇಳಿಯುತ್ತೇವೆ, ಬಾವಿಗೆ ಇಣುಕಿದ ಹಾಗೆ. ಮೊದಲು ಮಸುಕು, ನಂತರ ಮೇಲ್ಮೈ: ಗೀರು, ತರಚು, ಪುಡಿ ಎಲ್ಲ ಚೂಪಾಗಿ ಕಾಣುತ್ತವೆ. ಇನ್ನೂ ಇಳಿದರೆ ಅವು ಮಸುಕಾಗುತ್ತವೆ. ಮೇಲ್ಮೈ ಮಸುಕಾದ ಮೇಲೂ ಕೆಳಗೆ ಒಂದು ಪುಟ್ಟ ಉಂಗುರ ಚೂಪಾಗಿ ನಿಂತರೆ ಅದು ಕಣ ಹೋದ ದಾರಿ. ನೋಡಿ ಮುಗಿದ ಮೇಲೆ ಮೂರರಲ್ಲಿ ಒಂದನ್ನು ಆರಿಸಬೇಕು: ದಾರಿ ಕಂಡರೆ ಅದರ ಮೇಲೆ ಒತ್ತುವುದು, ಇಲ್ಲದಿದ್ದರೆ 'ಇಲ್ಲ' ಎಂಬ ಗುಂಡಿ, ಚಿತ್ರವೇ ಸರಿಯಿಲ್ಲದಿದ್ದರೆ 'ಫೋಕಸ್ ಕೆಟ್ಟಿದೆ' ಎಂಬ ಇನ್ನೊಂದು ಗುಂಡಿ.

ಪ್ರವೇಶ ಪರೀಕ್ಷೆಯಲ್ಲಿ ನಾನು ಎರಡು ಸಲ ಫೇಲಾದೆ. ಹದಿನೆಂಟು ವರ್ಷದ ಅನುಭವಿ! ಮೂರನೆಯ ಸಲ ಪಾಸಾದೆ.

"ಏನ್ ಹುಡುಕ್ಲಿಕತ್ತೀರಿ ಸರ್ರ ದಿನಾ?" ಒಂದು ಸಂಜೆ ಅಂಗಡಿಯಾಕೆ ಬೆನ್ನ ಹಿಂದೆ ನಿಂತು ಕೇಳಿದಳು.

"ಧೂಳು ಕಣಮ್ಮ. ನಕ್ಷತ್ರದ ಕಡೆಯಿಂದ ಬಂದಿರೋದು."

"ಧೂಳಾ?" ಅವಳು ಗಿರಣಿಯ ಕಡೆ ನೋಡಿದಳು. "ಅದಕ್ಕ ಇಷ್ಟ್ ದೂರ ಹೋಗ್ಬೇಕೇನ್ರಿ? ನಮ್ ಕೀಬೋರ್ಡ್ ತಿರುವಿ ಹಾಕ್ರಿ, ಕಿಲೋಗಟ್ಲೆ ಬೀಳ್ತದ."

ಧೂಳು ಸಿಗಲಿಲ್ಲ. ಸಿಕ್ಕಿದ್ದು ನನ್ನ ಬಗ್ಗೆ ಎರಡು ಅಂಕಿ. ಆ ವೆಬ್‌ಸೈಟಿನವರು ನಿಜವಾದ ಚಿತ್ರಗಳ ನಡುವೆ ಉತ್ತರ ಗೊತ್ತಿರುವ ಚಿತ್ರಗಳನ್ನು ಗುಟ್ಟಾಗಿ ಸೇರಿಸಿರುತ್ತಾರೆ. ಯಾವುದು ಪರೀಕ್ಷೆ, ಯಾವುದು ಅಸಲಿ, ನೋಡುವವನಿಗೆ ತಿಳಿಯದು. ಅದರಿಂದ ಎರಡು ಲೆಕ್ಕ ಹಾಕುತ್ತಾರೆ. ಇದ್ದದ್ದನ್ನು 'ಇದೆ' ಅಂದದ್ದೆಷ್ಟು? ಇಲ್ಲದ್ದನ್ನು 'ಇಲ್ಲ' ಅಂದದ್ದೆಷ್ಟು? ಮೊದಲನೆಯದರಲ್ಲಿ ನಾನು ನೂರಕ್ಕೆ ನೂರು. ಎರಡನೆಯದು ನಮ್ಮ ಹೈಸ್ಕೂಲಿನ ಗಣಿತದ ಮಾರ್ಕ್ಸ್ ಕಾರ್ಡನ್ನು ನೆನಪಿಸಿತು.

ಆ ಎರಡನೆಯ ಅಂಕಿಯನ್ನು ನಾನು ಬಹಳ ಹೊತ್ತು ನೋಡಿದೆ. ಕಾರ್ಖಾನೆಯಲ್ಲಿ ಅದನ್ನು ಯಾರೂ ಎಂದೂ ಎಣಿಸಿರಲಿಲ್ಲ. ನನ್ನ ಭಯಕ್ಕೂ ಒಂದು ಅಂಕಿ ಇದೆ ಎಂದು ಅಮೆರಿಕದವರು ತೋರಿಸಿಕೊಟ್ಟರು.

ಒಂದು ತಿಂಗಳು ಗುದ್ದಾಡಿದೆ. ಆ ಅಂಕಿ ಎರಡು ಹೆಜ್ಜೆ ಏರುವುದು, ಒಂದು ಹೆಜ್ಜೆ ಇಳಿಯುವುದು. 'ಇಲ್ಲ' ಎಂದು ಒತ್ತುವ ಮುನ್ನ ನನ್ನ ಬೆರಳು ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಚಿತ್ರದಲ್ಲಿ ಮೇಲ್ಮೈಯೇ ಸಿಗದೆ ಎಲ್ಲ ಮಂಜುಮಂಜಾಗಿದ್ದರೆ ಕನ್ನಡಕ ಒರೆಸಿಕೊಳ್ಳುತ್ತಿದ್ದೆ, ಕುರ್ಚಿ ಸರಿಸುತ್ತಿದ್ದೆ, ಕೊನೆಗೆ ಏನೋ ಒಂದು ಚುಕ್ಕೆ ಆರಿಸುತ್ತಿದ್ದೆ. ಮೂರನೆಯ ಗುಂಡಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಅಷ್ಟು ದೊಡ್ಡ ವಿಜ್ಞಾನಿಗಳು ತೆಗೆದ ಚಿತ್ರ ಕೆಟ್ಟಿದೆ ಎನ್ನಲು ನಾನ್ಯಾರು? ಕೆಟ್ಟಿರುವುದು ನನ್ನ ಕಣ್ಣೇ ಇರಬೇಕು.

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಎಂದಿನಂತೆ ಯಂತ್ರಗಳಿಗೆ ಹೂವು, ಕುಂಕುಮ, ಕುಂಬಳಕಾಯಿ. ಉಳಿದವರು ತಮ್ಮ ಮುದ್ರೆಗಳನ್ನು ತಟ್ಟೆಯಲ್ಲಿಟ್ಟು ಪೂಜೆ ಮಾಡಿಸಿದರು. ನಾನು ಖಾಲಿ ಜೇಬಿನಲ್ಲಿ ಕೈಯಿಟ್ಟುಕೊಂಡು, ಪ್ರಸಾದದ ಪುರಿ ಮೆಲ್ಲುತ್ತ ಗೋಡೆಗೆ ಒರಗಿ ನಿಂತಿದ್ದೆ.

ರಜೆ ಮುಗಿದು ಸೈಬರ್ ಸೆಂಟರಿಗೆ ಹೋದಾಗ ಐದೂ ಕಂಪ್ಯೂಟರುಗಳ ತಲೆಯ ಮೇಲೆ ಬಾಡಿದ ಸೇವಂತಿಗೆ ಇತ್ತು. ಮೊದಲನೆಯ ಚಿತ್ರ. ಮೌಸನ್ನು ಇಳಿಸಿದೆ. ಮೇಲ್ಮೈ ಬಂತು, ಮಸುಕಾಯಿತು. ಬಲಗಡೆ ಕೆಳಗೆ ಒಂದು ಪುಟ್ಟ ಉಂಗುರ. ಗುಂಡಗೆ, ಅಂಚು ತಿಳಿಯಾಗಿ, ನಡುವೆ ಟೊಳ್ಳು. ಇನ್ನೂ ಇಳಿದೆ. ನಿಂತೇ ಇದೆ! ತರಬೇತಿಯ ಚಿತ್ರದಲ್ಲಿ ತೋರಿಸಿದ್ದ ಹಾಗೆಯೇ.

ಈ ಸಲ ಬೆರಳು ಗಾಳಿಯಲ್ಲಿ ನಿಲ್ಲಲಿಲ್ಲ. ಒತ್ತಿದೆ. ಎದ್ದು ಬೂತಿಗೆ ಹೋಗಿ ಹಲಸೂರಿನವನಿಗೆ ಫೋನು ಹಚ್ಚಿದೆ.

"ಸಿಕ್ತು," ಅಂದೆ.

"ಏನು, ಸ್ಟ್ಯಾಂಪಾ?"

"ಇಲ್ಲ ಮಾರಾಯ, ಧೂಳು!"

ಆ ಕಡೆಯಲ್ಲಿ ಲವಂಗ ಕಡಿದ ಸದ್ದು. "ಕಂಗ್ರಾಟ್ಸ್ ಗುರು. ನಾಳೆ ಎಲ್ರಿಗೂ ಹೇಳ್ತೀನಿ."

ಅವನು ಹೇಳಿದ ಮಾತಿಗೆ ತಪ್ಪುವವನಲ್ಲ. ಮರುದಿನ ಕ್ಯಾಂಟೀನಿನಲ್ಲಿ ಗೊತ್ತಿಲ್ಲದ ಟರ್ನರ್ ಒಬ್ಬ ಬಂದು ನನ್ನ ಕೈ ಕುಲುಕಿದ. ಕಣ ಪತ್ತೆಯಾದರೆ ಮೊದಲು ಕಂಡವರೇ ಅದಕ್ಕೆ ಹೆಸರಿಡಬಹುದು ಎಂದು ಸುದ್ದಿಯಲ್ಲಿತ್ತು. ಅದೂ ಹಬ್ಬಿ, ಹೆಸರು ಸೂಚಿಸುವವರ ಸಾಲೇ ನಿಂತಿತು. ಸಾಹೇಬರು ಮಾತ್ರ ಏನೂ ಅನ್ನಲಿಲ್ಲ. ಕಾರಿಡಾರಿನಲ್ಲಿ ಎದುರಾದಾಗ ನನ್ನನ್ನು ಒಂದು ಕ್ಷಣ ಹೆಚ್ಚಾಗಿ ನೋಡಿದರು. ಆ ಒಂದು ಕ್ಷಣವನ್ನು ನಾನು ಇಡೀ ದಿನ ಪದಕದಂತೆ ಹೊತ್ತು ತಿರುಗಿದೆ.

ಸಂಜೆ ಮತ್ತೆ ಮೂರನೇ ನಂಬರು. ಮೊದಲ ಚಿತ್ರದಲ್ಲೇ ಇನ್ನೊಂದು ಉಂಗುರ. ಒತ್ತಿದೆ. ಅದರ ಮುಂದಿನದರಲ್ಲಿ ಇನ್ನೊಂದು. ಕುರ್ಚಿಯನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ. ಧೂಳು ಸುರಿದ ಜಾಗವೇ ನನಗೆ ಬಂದಿದೆ! ಅರ್ಧ ಗಂಟೆಯಲ್ಲಿ ಏಳು ಹಿಡಿದೆ. ಎಲ್ಲವೂ ಬಲಗಡೆ ಕೆಳಗೆ. ಅಂಕ ನೋಡಿದರೆ ಇಳಿದಿತ್ತು. ನನ್ನ ಎರಡನೆಯ ಅಂಕಿ ನೆಲ ಕಚ್ಚಿತ್ತು. ಅವರ ಲೆಕ್ಕವೇ ಕೆಟ್ಟಿರಬೇಕು ಅಂದುಕೊಂಡೆ. ಇಡೀ ಜೀವಮಾನದಲ್ಲಿ ನಾನು ನನ್ನನ್ನು ಬಿಟ್ಟು ಇನ್ನೊಬ್ಬರ ಮೇಲೆ ಸಂಶಯಪಟ್ಟದ್ದು ಅದೇ ಮೊದಲು. ಅದನ್ನೂ ತಪ್ಪು ಜಾಗದಲ್ಲಿ ಖರ್ಚು ಮಾಡಿದೆ.

"ಬಾಮ್ಮ ಇಲ್ಲಿ," ಅಂಗಡಿಯಾಕೆಯನ್ನು ಕರೆದೆ. "ನೋಡು, ನಕ್ಷತ್ರದ ಧೂಳು ಹೋದ ದಾರಿ."

ಅವಳು ಬಗ್ಗಿ ನೋಡಿದಳು. ಕಣ್ಣು ಕಿರಿದು ಮಾಡಿದಳು. ಆಮೇಲೆ ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಪರದೆಯನ್ನು ಉಜ್ಜಿದಳು.

ಉಂಗುರ ಹೋಯಿತು.

"ಗಂಧದ ನೀರ್ರೀ ಸರ್ರ. ಪೂಜಿದಿನ ಹೂವಿಂದ ಚಿಮುಕಿಸಿದ್ದೆ, ಹನಿ ಒಣಗ್ಯಾದ." ಅವಳು ಸೆರಗನ್ನು ಮೂಸಿ ನೋಡಿದಳು. "ಹೌದ್ ನೋಡ್ರಿ, ಇನ್ನಾ ವಾಸ್ನಿ ಅದ."

ನಾನು ಮೌಸನ್ನು ಮೇಲಕ್ಕೆ ತಂದೆ, ಕೆಳಕ್ಕೆ ತಂದೆ. ಬಲಗಡೆ ಕೆಳಗೆ ಏನೂ ಇರಲಿಲ್ಲ. ಮೇಲ್ಮೈಗಿಂತಲೂ ಮೇಲೆ, ಎಲ್ಲ ಮಸುಕಾಗಿರುವ ಜಾಗಕ್ಕೆ ಒಮ್ಮೆ ಹೋಗಿ ನೋಡಿದ್ದರೆ ಸಾಕಿತ್ತು. ಅಲ್ಲೂ ಚೂಪಾಗಿರುವ ಉಂಗುರ ಬಿಲ್ಲೆಯದಾಗಲು ಸಾಧ್ಯವೇ ಇಲ್ಲ. ಉಂಗುರ ಬೇಕಾಗಿತ್ತು, ಆದ್ದರಿಂದ ಕೆಳಗಷ್ಟೇ ಇಳಿದಿದ್ದೆ.

"ಬೇಜಾರಾತೇನ್ರಿ?"

"ಇಲ್ಲಮ್ಮ."

"ಆಗ್ಯಾದ. ಮಾರಿ ನೋಡಿದ್ರ ಗೊತ್ತಾಗ್ತದ. ಕೂಡ್ರಿ, ಚಾ ತರ್ತೀನಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಸರ್ರ, ನೀವು ನೋಡೂ ಮುಂಚೆ ಗಾಜ್ ಒರ್ಸಂಗಿಲ್ಲೇನ್ರಿ? ನಾ ಅನ್ನಕ್ಕಿಡೂ ಮುಂಚೆ ಗಡಗಿ ನೋಡ್ತೀನಿ."

ಬೆಳಕಿನ ಪೆಟ್ಟಿಗೆಯ ಗಾಜು ಒರೆಸುವುದು, ಫಿಲ್ಮನ್ನು ಓರೆಯಾಗಿ ಹಿಡಿದು ಮೇಲಿನ ಕಲೆಯೋ ಒಳಗಿನ ದೋಷವೋ ಎಂದು ನೋಡುವುದು, ಫಿಲ್ಮು ಓದಲು ಯೋಗ್ಯವೇ ಎಂದು ಅದರ ಕಪ್ಪನ್ನು ಮೀಟರಿನಲ್ಲಿ ಅಳೆಯುವುದು, ಇವೆಲ್ಲ ನನಗೆ ಮೊದಲ ವರ್ಷವೇ ಕಲಿಸಿದ ಪಾಠಗಳು. ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ. ಕೈ ಪಳಗಿದ ಮೇಲೆ ಒಂದೊಂದಾಗಿ ಬಿಟ್ಟಿದ್ದೆ. ಹದಿನೆಂಟು ವರ್ಷವಾದ ಮೇಲೆ ಯಾರು ಮೀಟರು ಹಿಡಿಯುತ್ತಾರೆ? ಕಣ್ಣೇ ಮೀಟರು.

ಕ್ಯಾಂಟೀನಿನ ಮಾತು ಬೇಡ. ಕಣಕ್ಕೆ ಸೂಚಿಸಿದ್ದ ಹೆಸರುಗಳನ್ನೆಲ್ಲ ಅವರು ನನಗೇ ಇಟ್ಟರು. ಹಲಸೂರಿನವನು ಮಾತ್ರ ಎರಡು ದಿನ ಕಳೆದು, ಒಂದು ಊದಿನಕಡ್ಡಿ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟ. "ಗಂಧದ್ದೇ ಗುರು. ವಾಸನೆ ನೋಡಿ ಗುರುತು ಹಿಡಿ."

ಆದರೆ ಅಂದಿನಿಂದ ನಾನು ಕ್ರಮ ಬದಲಾಯಿಸಿದೆ. ಬಸ್ ಟಿಕೆಟಿನ ಹಿಂದೆ ಬರೆದುಕೊಂಡೆ: ಗಾಜು ಒರೆಸು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಮೇಲ್ಮೈ ಸಿಕ್ಕಿತೇ? ಸಿಗದಿದ್ದರೆ ಮೂರನೇ ಗುಂಡಿ.

ಮೂರನೇ ಗುಂಡಿಯನ್ನು ಮೊದಲ ಸಲ ಒತ್ತಿದಾಗ ಯಾರೋ ಬಂದು ಬೈಯುತ್ತಾರೆ ಎಂದು ಹಿಂತಿರುಗಿ ನೋಡಿದೆ. ಯಾರೂ ಬರಲಿಲ್ಲ. ಮುಂದಿನ ಚಿತ್ರ ಬಂತು. ಕಾಣದಿದ್ದದ್ದನ್ನು ಕಾಣುವುದಿಲ್ಲ ಎಂದು ಹೇಳಿದ ಮೇಲೆ, ಕಾಣುವ ಕಡೆ 'ಇಲ್ಲ' ಎಂದು ಹೇಳುವುದು ಸುಲಭವಾಗತೊಡಗಿತು. ನವೆಂಬರಿನ ಕೊನೆಗೆ ನನ್ನ ಎರಡನೆಯ ಅಂಕಿ ಮೊದಲನೆಯದರ ಹೆಗಲಿಗೆ ಬಂದಿತ್ತು. ಹಲಸೂರಿನವನು ತಂದ ಇಪ್ಪತ್ತು ಫಿಲ್ಮಿನಲ್ಲಿ ಈಗ ಆರನ್ನು ತಿರಸ್ಕರಿಸುತ್ತಿದ್ದೆ, ಅದರಲ್ಲಿ ಐದು ನಿಜವಾಗಿಯೂ ಕೆಟ್ಟಿರುತ್ತಿದ್ದವು.

ಡಿಸೆಂಬರಿನಲ್ಲಿ, ಪರೀಕ್ಷೆಗೆ ಒಂದು ವಾರ ಇರುವಾಗ, ಕಪಾಟಿನಲ್ಲಿ ಲಕೋಟೆ ಜೋಡಿಸುತ್ತಿದ್ದೆ. ಒಂದು ಲಕೋಟೆ ಹಗುರವಾಗಿತ್ತು. ಒಳಗೆ ಫಿಲ್ಮಿರಲಿಲ್ಲ, ಚೀಟಿಯಿತ್ತು: 'ತೆಗೆದುಕೊಳ್ಳಲಾಗಿದೆ', ಕೆಳಗೆ ಸಾಹೇಬರ ಸಹಿ. ಲಕೋಟೆಯ ಮೇಲಿನ ನಂಬರು ನೋಡಿದೆ. ಬೆವರಿದ ಟ್ಯಾಂಕಿನದು.

ಉತ್ತರ ಗೊತ್ತಿರುವ ದೋಷದ ಫಿಲ್ಮುಗಳಿಂದಲೇ ಪರೀಕ್ಷೆಯ ಕಟ್ಟು ಮಾಡುವುದು ವಾಡಿಕೆ. ಅಂದರೆ ನನ್ನ ಫಿಲ್ಮು ನನ್ನ ಪರೀಕ್ಷೆಯಲ್ಲೇ ಇದೆ. ಇಪ್ಪತ್ತರಲ್ಲಿ ಒಂದಕ್ಕೆ ಉತ್ತರ ಬಾಯಿಪಾಠ: ಎಡತುದಿ, ಬೆಸುಗೆ ಕೂಡಿಲ್ಲ, ತಿರಸ್ಕೃತ. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಬೆರಳಿಟ್ಟು ತೋರಿಸದಿದ್ದರೆ ಅದು ನನಗೆ ಕಾಣುತ್ತದೋ ಇಲ್ಲವೋ ಎಂದು ನಾನು ವಾರವಿಡೀ ನಿದ್ದೆಗೆಟ್ಟೆ.

ಪರೀಕ್ಷೆ ಬೆಳಿಗ್ಗೆ ಹತ್ತಕ್ಕೆ. ಸಾಹೇಬರು ಕತ್ತಲ ಕೋಣೆಯ ಮೂಲೆಯಲ್ಲಿ ಕೂತರು. ಐದು ನಿಮಿಷ ಇಬ್ಬರೂ ಕತ್ತಲಲ್ಲಿ ಕಣ್ಣು ಪಳಗಿಸಿಕೊಂಡೆವು. ಅವರ ಉಸಿರು ನನಗೆ ಕೇಳುತ್ತಿತ್ತು, ನನ್ನದು ಅವರಿಗೆ ಖಂಡಿತ ಕೇಳಿರುತ್ತದೆ. ಪೆಟ್ಟಿಗೆಯ ದೀಪ ಹಾಕಿ, ಜೇಬಿನಿಂದ ಬಟ್ಟೆ ತೆಗೆದು ಗಾಜು ಒರೆಸಿದೆ.

ಒಂದರಿಂದ ಹದಿನಾರರವರೆಗೆ ಸಾಗಿತು. ಏಳನೆಯದರಲ್ಲಿ ಉದ್ದನೆಯ ಬಿರುಕಿನಂಥದ್ದು. ಎತ್ತಿ ಓರೆಯಾಗಿ ಬೆಳಕಿಗೆ ಹಿಡಿದೆ, ಫಿಲ್ಮಿನ ಮೈಮೇಲಿನ ಗೀರು ಹೊಳೆಯಿತು. 'ದೋಷವಿಲ್ಲ' ಎಂದು ಬರೆದೆ. ಹದಿನೇಳನೆಯದನ್ನು ಹಾಕಿದ ಕೂಡಲೇ ಗೊತ್ತಾಯಿತು. ನಂಬರಿನ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದರು. ಆದರೆ ಹೆತ್ತವರಿಗೆ ಮಕ್ಕಳ ಬೆನ್ನು ಸಾಕು.

ಎಡತುದಿಗೆ ಭೂತಗನ್ನಡಿ ಒಯ್ದೆ. ಕಪ್ಪು. ಬೆಳಕು ಹೆಚ್ಚಿಸಿದೆ. ಕಪ್ಪು. ಗೆರೆ ಎಲ್ಲಿರಬೇಕೋ ಅಲ್ಲಿಗೆ ಕಣ್ಣಿಟ್ಟು ಕಾದೆ. ನಿಧಾನವಾಗಿ, ಆಜ್ಞೆ ಪಾಲಿಸುವಂತೆ, ಕೂದಲೆಳೆಯ ಒಂದು ಗೆರೆ ಮೂಡಿತು. ಕಣ್ಣು ಒಂದಿಂಚು ಬಲಕ್ಕೆ ಸರಿಸಿ ಅಲ್ಲೂ ಇದೆ ಅಂದುಕೊಂಡೆ. ಅಲ್ಲೂ ಮೂಡಿತು. ಭೂತಗನ್ನಡಿಯನ್ನು ಕೆಳಗಿಟ್ಟೆ. ಗಂಧದ ಉಂಗುರವೂ ಹೀಗೆಯೇ ಸಿಕ್ಕಿತ್ತು. ನನಗೆ ಬೇಕಾದದ್ದನ್ನು ನನ್ನ ಕಣ್ಣು ಕೊಡುತ್ತಿತ್ತು.

'ತಿರಸ್ಕೃತ' ಎಂದು ಬರೆದರೆ ಅಂಕ ಖಚಿತ. ಪೆನ್ನು ಕಾಗದದ ಮೇಲಿತ್ತು. ಪರೀಕ್ಷೆಗೆ ಮೀಟರು ಕೊಟ್ಟಿರಲಿಲ್ಲ, ಅದು ಕಪಾಟಿನಲ್ಲೇ ಇತ್ತು. ಸ್ಟೋರ್ಸಿನ ಕೌಂಟರು ಕಣ್ಣ ಮುಂದೆ ಬಂತು, ಬೋಲ್ಟುಗಳೂ ಬಂದವು. ಸಾಹೇಬರು ಕಾಲು ಬದಲಿಸಿ ಕೂತ ಸದ್ದಾಯಿತು. ಬರೆದೆ: 'ಎಡತುದಿ ಮಿತಿಮೀರಿ ಕಪ್ಪಾಗಿದೆ. ಓದಲಾಗದು. ಮತ್ತೆ ಎಕ್ಸ್-ರೇ ತೆಗೆಯಬೇಕು.'

ಉಳಿದ ಮೂರನ್ನು ಹೇಗೆ ಓದಿದೆನೋ ಈಗಲೂ ನೆನಪಿಲ್ಲ.

ಸಾಹೇಬರು ದೊಡ್ಡ ದೀಪ ಹಾಕಿ ನನ್ನ ಕಾಗದಕ್ಕೂ ಅವರ ಕಾಗದಕ್ಕೂ ಬೆರಳಾಡಿಸುತ್ತ ಬಂದರು. ಹದಿನೇಳರಲ್ಲಿ ಬೆರಳು ನಿಂತಿತು.

"ಈ ಫಿಲ್ಮ್ ಯಾವ್ದು ಅಂತ ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಸರ್."

"ಏನಿದೆ ಅಂತಾನೂ ಗೊತ್ತಲ್ವಾ?"

"ಗೊತ್ತು ಸರ್."

"ಮತ್ತೆ ಹಿಂಗ್ಯಾಕ್ ಬರೆದ್ರಿ?"

"ಗೊತ್ತಿದೆ ಸರ್. ಕಾಣ್ತಿಲ್ಲ."

ಅವರು ಕಾಗದ ಕೆಳಗಿಟ್ಟರು. ಎದ್ದು ಕಪಾಟಿನಿಂದ ಮೀಟರು ತಂದು, ಫಿಲ್ಮಿನ ಎಡತುದಿಯ ಮೇಲಿಟ್ಟು ಒತ್ತಿದರು. ಮುಳ್ಳು ಮಿತಿಯ ಗೆರೆಯನ್ನು ದಾಟಿ ಹೋಗಿ ನಿಂತಿತು. ಇನ್ನೊಮ್ಮೆ ಒತ್ತಿದರು. ಅಲ್ಲೇ ನಿಂತಿತು.

"ಇದನ್ನ ಓದೋದಕ್ಕೇ ತಗೋಬಾರ್ದಾಗಿತ್ತು," ಅಂದರು, ಫಿಲ್ಮಿಗೆ ಹೇಳಿದ ಹಾಗೆ. "ನಾವೆಲ್ಲ ನೋಡಿದ್ವಿ ಅವತ್ತು. ಯಾರೂ ಅಳೀಲಿಲ್ಲ."

"ಮೊದ್ಲು ತಗೊಂಡಿದ್ದು ನಾನೇ ಸರ್. ಅಳೀದೆ ಓದಿದ್ದೂ ನಾನೇ."

ಅದು ದೊಡ್ಡತನದ ಮಾತಲ್ಲ. ಹೇಳದಿದ್ದರೆ ಮನೆಗೆ ಹೋಗಿ ಐದು ಸಲ ಬೀಗ ಎಳೆಯಬೇಕಾಗುತ್ತಿತ್ತು, ಅಷ್ಟೆ. ನನ್ನ ಕಣ್ಣು ಕೆಟ್ಟಿರಲಿಲ್ಲ. ಅದಕ್ಕಿಂತ ಒಂದು ಹೆಜ್ಜೆ ಮುಂಚೆ, ಒಂದು ಮೀಟರು ಎತ್ತಿಕೊಳ್ಳದ ಸೋಮಾರಿತನದಲ್ಲಿ ಕೆಲಸ ಕೆಟ್ಟಿತ್ತು. ಆ ಕಾಣದ ಅಂಚಿಗೆ ನಾನು 'ಇಲ್ಲ' ಎಂದು ಮುದ್ರೆ ಒತ್ತಿದ್ದೆ.

ಮುದ್ರೆ ಬಂದದ್ದು ಹೊಸ ವರ್ಷದ ಎರಡನೆಯ ವಾರ. ಸಾಹೇಬರು ಅದನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಈ ಸಲ ಕಾಫಿ ಇರಲಿಲ್ಲ, ಅದರಿಂದ ಸಮಾಧಾನವಾಯಿತು. ಅಂದು ಬೆಳಿಗ್ಗೆ ಬಂದ ಮೊದಲ ಕಟ್ಟಿನಲ್ಲೇ ಎರಡು ಫಿಲ್ಮನ್ನು ಅಳೆದು ವಾಪಸು ಕಳಿಸಿದೆ. ಎಕ್ಸ್-ರೇ ತೆಗೆಯುವವರು ಬಾಗಿಲಲ್ಲಿ ನಿಂತು, "ಬಂದ್ನಪ್ಪಾ ನಲವತ್ತೊಂದು!" ಎಂದು ಕೂಗಿದರು.

ಧೂಳು ಹುಡುಕುವುದನ್ನು ಇನ್ನೂ ಒಂದೂವರೆ ವರ್ಷ ಮಾಡಿದೆ. ಒಂದು ಕಣವೂ ಸಿಗಲಿಲ್ಲ. ಸಾವಿರಾರು ಚಿತ್ರಗಳಲ್ಲಿ 'ಇಲ್ಲ' ಎಂದು ಹೇಳಿದೆ, ಮತ್ತು ಅವುಗಳಲ್ಲಿ ಬಹುಪಾಲು ನಿಜವಾಗಿಯೂ ಇಲ್ಲ ಎಂಬುದರ ಬಗ್ಗೆ ನನಗೆ ಈಗ ಅಷ್ಟೇನೂ ಚಿಂತೆಯಿಲ್ಲ. ಬಹುಪಾಲು ಎಂದೆ. ಉಳಿದ ಕೆಲವನ್ನು ಈಗಲೂ ನೆನೆಯುತ್ತೇನೆ.

ಮುದ್ರೆ ಮರಳಿದ ವರ್ಷದ ಆಯುಧಪೂಜೆಯ ದಿನ ನಲವತ್ತೊಂದನ್ನೂ ತಟ್ಟೆಯಲ್ಲಿಟ್ಟರು. ಪೂಜೆಯವರು ಹೂವನ್ನು ಗಂಧದ ನೀರಿನಲ್ಲಿ ಅದ್ದಿ, ಮುದ್ರೆಗಳಿಗೆ ಚಿಮುಕಿಸಿ, ಬೆಳಕಿನ ಪೆಟ್ಟಿಗೆಯ ಕಡೆ ತಿರುಗಿದರು. ನಾನು ಅಡ್ಡ ಹೋಗಿ ನಿಂತೆ.

"ಸ್ವಾಮಿ, ಇದರ ಗಾಜೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹಾಕಿ."

"ಯಾಕಪ್ಪ?"

ಹಿಂದಿನಿಂದ ಹಲಸೂರಿನವನು ಹೇಳಿದ: "ಹಾಕ್ಬೇಡಿ ಸಾಮಿ. ಅವನಿಗೆ ಅದ್ರಲ್ಲಿ ನಕ್ಷತ್ರ ಕಾಣುತ್ತೆ."

ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಪೂಜೆಯವರು ಪೆಟ್ಟಿಗೆಯ ಮರದ ಚೌಕಟ್ಟಿಗೆ ಗಂಧ ಹಚ್ಚಿದರು. ಎಲ್ಲರೂ ಪ್ರಸಾದಕ್ಕೆ ಹೊರಗೆ ಹೋದ ಮೇಲೆ ನಾನು ಜೇಬಿನಿಂದ ಬಟ್ಟೆ ತೆಗೆದು, ಗಾಜನ್ನು ಯಾವುದಕ್ಕೂ ಇರಲಿ ಎಂದು ಒಮ್ಮೆ ಒರೆಸಿದೆ.